ಗಿಣ್ಣು ತಿನ್ನಿ, ಹಸಿ ಹಾಲು ಬೇಡ!

ಪಕ್ಕದ ಮನೆಯಲ್ಲಿ ಹಸು ಕರು ಹಾಕಿದರೆ ಒಂದು ಚೊಂಬು ಗಿಣ್ಣು ಹಾಲು ನಿಮ್ಮ ಮನೆಗೂ ಬಂದೇ ಬರುತ್ತೆ. ಹಾಸನ ತಾಲ್ಲೂಕಿನ ದುದ್ದದ ಕಡೆ ಇರಲಿ, ಹೊಳೆನರಸೀಪುರ, ಅರಕಲಗೂಡಿರಲಿ, ಇದು ನಮ್ಮ ಹಳ್ಳಿಗಳ ರೂಢಿ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಆಹಾ! ಈಗ ಅದೇ ಗಿಣ್ಣು ಹಾಲು ಪುಡಿಯಾಗಿ, ಕ್ಯಾಪ್ಸೂಲ್ ಆಗಿಯೂ ಮಾರಾಟಕ್ಕೆ ಬಂದಿದೆ. ಹಾಗಂತ ಕಣ್ಣು ಮುಚ್ಚಿ ಕುಡಿಯಬಹುದೇ?

ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಪ್ರತಿಕಾಯಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಅವು ಗಿಣ್ಣು ಹಾಲಿನಿಂದಲೇ ಸಿಗಬೇಕು. ಅವನ್ನು ಹಾಗೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗಿರುವುದು ಮೊದಲ 24 ಗಂಟೆ ಮಾತ್ರ. ನಮ್ಮ ಹೊಟ್ಟೆಯಾದರೋ ಬಹುಪಾಲನ್ನು ಬೇರೆ ಪ್ರೋಟೀನಿನಂತೆ ಅರಗಿಸಿಬಿಡುತ್ತೆ. ಗಿಣ್ಣು ಪೌಷ್ಟಿಕ ಆಹಾರ ನಿಜ, ಸರ್ವರೋಗಕ್ಕೆ ಮದ್ದಲ್ಲ.

ಅಪಾಯ ಇರುವುದು ಹಸಿ ಹಾಲಿನಲ್ಲಿ. ಹಸುವಿಗೆ ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್) ಇದ್ದರೆ ಅದು ಹಾಲಿನ ಮೂಲಕ ಮನುಷ್ಯರಿಗೂ ಬರುತ್ತೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದರ ಲಕ್ಷಣ. ಗರ್ಭಿಣಿಯರಿಗೆ ಗರ್ಭಪಾತವೂ ಆಗಬಹುದು.

ಹಾಗಾದರೆ ಏನು ಮಾಡಬೇಕು?

* ಗಿಣ್ಣನ್ನು ನಡುಭಾಗವೂ ಗಟ್ಟಿಯಾಗುವವರೆಗೆ ಹಬೆಯಲ್ಲಿ ಚೆನ್ನಾಗಿ ಬೇಯಿಸಿ. ರುಚಿ ನೋಡಲೂ ಹಸಿ ಹಾಲು ಬೇಡ.
* ಹಸು ಹಿಂದೆ ಕಂದು ಹಾಕಿತ್ತೇ? ಕೆಚ್ಚಲು ಬಾವು ಇದೆಯೇ? ಹಾಲು ಕೊಟ್ಟವರನ್ನು ಕೇಳಿ, ಸಂಕೋಚ ಬೇಡ.
* ರೋಗ ಪತ್ತೆಗೆ ಮಾಡುವ ಹಾಲಿನ ಉಂಗುರ ಪರೀಕ್ಷೆ ಗಿಣ್ಣು ಹಾಲಿನಲ್ಲಿ ತಪ್ಪು ಫಲಿತಾಂಶ ಕೊಡಬಹುದು. ಪಶುವೈದ್ಯರಿಗೆ ಹೇಳಿ ಹಸುವಿನ ರಕ್ತ ಪರೀಕ್ಷೆ ಮಾಡಿಸಿ. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಒಮ್ಮೆ ಲಸಿಕೆ ಹಾಕಿಸಿ.
* ಹಾಲು ಬತ್ತಿಸುವಾಗ ಕೆಚ್ಚಲಿಗೆ ಆ್ಯಂಟಿಬಯೋಟಿಕ್ ಹಾಕಿದ್ದು, ಹಸು ಅವಧಿಗೆ ಮುಂಚೆ ಕರು ಹಾಕಿದರೆ ಗಿಣ್ಣಿನಲ್ಲಿ ಔಷಧಿ ಉಳಿದಿರಬಹುದು. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.
* ಪುಡಿ ಕೊಳ್ಳುವಾಗ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ ನೋಡಿ. ರೋಗ ಗುಣಪಡಿಸುತ್ತೆ ಎಂದರೆ ನಂಬಬೇಡಿ. ಹಾಲಿನ ಅಲರ್ಜಿ ಇದ್ದವರು ಮುಟ್ಟಲೇಬೇಡಿ. ಬಸುರಿ, ಬಾಣಂತಿಯರು ವೈದ್ಯರನ್ನು ಕೇಳಿ.

ಎಳೆ ಮಗುವಿಗಂತೂ ಹಸುವಿನ ಗಿಣ್ಣು ಬೇಡವೇ ಬೇಡ. ಹೆರಿಗೆಯಾದೊಡನೆ ತಾಯಿಗೆ ಬರುವ ಹಳದಿ ಹಾಲೇ ಅದಕ್ಕೆ ಗಿಣ್ಣು. ‘ಕೆಟ್ಟ ಹಾಲು, ಹಿಂಡಿ ಚೆಲ್ಲು’ ಎಂದು ಮನೆಯ ಹಿರಿಯರು ಹೇಳಿದರೂ ಚೆಲ್ಲಬೇಡಿ. ಒಂದು ಗಂಟೆಯೊಳಗೆ ಮಗುವಿಗೆ ಕುಡಿಸಿ. ಹಾಗೆಯೇ ಕೊಟ್ಟಿಗೆಯಲ್ಲೂ ಮೊದಲ ಪಾಲು ಕರುವಿಗಿರಲಿ, ಉಳಿದದ್ದು ನಿಮ್ಮ ಇಡ್ಲಿ ಪಾತ್ರೆಗೆ!