ಬೋಳುಗುಡ್ಡವೂ ಕಡಲೂ: ಎಕ್ಸ್‌ಮೂರಿನಲ್ಲಿ ವಿರಾಮವಾಸ

ರಜೆ ಬಂದಿತೆಂದರೆ ಬೆಟ್ಟಕ್ಕೆ ಹೋಗುವುದೋ ಸಮುದ್ರತೀರಕ್ಕೆ ಹೋಗುವುದೋ ಎಂಬ ಚರ್ಚೆ ನಗರವಾಸಿಗಳ ಮನೆಗಳಲ್ಲಿ ಏಳುವುದು ಸಹಜ. ಈ ಚರ್ಚೆಗೆ ಎಡೆಯನ್ನೇ ಕೊಡದ ಪ್ರದೇಶವೊಂದು ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿದೆ. ಅದರ ಹೆಸರು ಎಕ್ಸ್‌ಮೂರ್. ಸಾಮರ್ಸೆಟ್ ಮತ್ತು ಡೆವನ್ ಎಂಬೆರಡು ಜಿಲ್ಲೆಗಳ ಮೇಲೆ ಹರಡಿರುವ ಈ ಎತ್ತರದ ನೆಲ ಉತ್ತರದಲ್ಲಿ ಕಡಲಿನ ಅಂಚಿನವರೆಗೂ ಬಂದು ಅಲ್ಲಿ ಥಟ್ಟನೆ ಮುಗಿದುಹೋಗುತ್ತದೆ. ೧೯೫೪ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ವಿಸ್ತೀರ್ಣ ಸುಮಾರು ೨೬೭ ಚದರ ಮೈಲಿ. ಉದ್ಯಾನವೆಂದರೆ ಹೂವಿನ ಪಾತಿಗಳೂ ಬೇಲಿಯೂ ಇರುವ ತೋಟವೆಂದು ತಿಳಿಯಬಾರದು. ಇದರೊಳಗೆ ಹಳ್ಳಿಗಳಿವೆ, ಹೊಲಗಳಿವೆ, ಕುರಿಗಳನ್ನು ಸಾಕಿ ಬಾಳುವ ಒಕ್ಕಲುಗಳಿವೆ.

'ಮೂರ್' ಎಂಬ ಮಾತಿಗೆ ಕನ್ನಡದಲ್ಲಿ ಒಂದೇ ಪದವನ್ನು ಹೇಳುವುದು ಕಷ್ಟ. ಅದು ಕಾಡಲ್ಲ, ಹುಲ್ಲುಗಾವಲೆಂದರೂ ಪೂರ್ತಿ ಸಲ್ಲದು, ಬಂಜರೆಂದರೆ ಅಲ್ಲಿಯ ರೈತರು ಒಪ್ಪಲಾರರು. ಮರಗಳಿಲ್ಲದ ಎತ್ತರದ ನೆಲ, ಹುಳಿಮಣ್ಣು, ವರ್ಷದ ಬಹುಭಾಗ ತೇವ, ಅದರ ಮೇಲೆ ಒರಟಾದ ಹುಲ್ಲು, ಜರೀಗಿಡ, ಮುಳ್ಳುಕಂಟಿ, ಮೊಣಕಾಲೆತ್ತರದ ಹೆದರ್ ಗಿಡ. ಈ ಹೆದರ್ ಗಿಡ ಆಗಸ್ಟ್ ತಿಂಗಳಿನಲ್ಲಿ ಹೂಬಿಟ್ಟಾಗ ಗುಡ್ಡಗಳೆಲ್ಲ ನಸುನೇರಳೆಯಾಗುತ್ತವೆ. ಇಲ್ಲಿಯ ಅತ್ಯುನ್ನತ ಶಿಖರವಾದ ಡಂಕರಿ ಬೀಕನ್ ೧,೭೦೫ ಅಡಿಯಷ್ಟೇ. ನಮ್ಮ ಮಲೆನಾಡಿನವರು ಇದನ್ನು ಕೇಳಿ ನಗಬಹುದು. ಆದರೆ ಅದರ ತುದಿಯಲ್ಲಿ ನಿಂತವರಿಗೆ ನೋಟವನ್ನು ತಡೆಯುವ ಒಂದು ಮರವೂ ಇಲ್ಲ. ಉತ್ತರಕ್ಕೆ ಕಡಲು, ಅದರಾಚೆಗೆ ವೇಲ್ಸ್ ದೇಶದ ಬೆಟ್ಟಗಳು.

ಈ ಬೋಳುತನವನ್ನು ಪ್ರಕೃತಿಯ ಕೈಕೆಲಸವೆಂದು ಎಣಿಸುವುದು ಪ್ರವಾಸಿಗಳ ವಾಡಿಕೆ. ನಿಜವಾಗಿ ಇದು ಮನುಷ್ಯನ ಕೆಲಸ. ಸಾವಿರಾರು ವರ್ಷಗಳ ಹಿಂದೆ ಮರ ಕಡಿದರು. ಆಮೇಲೆ ದನಕುರಿಗಳು ಮೇಯುತ್ತ ಬಂದವು. ಹಳೆಯ ಹೆದರನ್ನು ಚಳಿಗಾಲದ ಕೊನೆಯಲ್ಲಿ ಸುಟ್ಟು ಹೊಸ ಚಿಗುರನ್ನು ಬರಿಸುವ ಪದ್ಧತಿಯೂ ಬೆಳೆಯಿತು. ಮೇಯಿಸುವವರು ಕೈಬಿಟ್ಟರೆ ಕಂಟಿಯೂ ಮರವೂ ಮೆಲ್ಲಮೆಲ್ಲನೆ ಮೇಲೇರುತ್ತವೆ. ಆದುದರಿಂದ ನಾವು ನೋಡಿ ಸಂತೋಷಪಡುವ ನೋಟವು ಅಲ್ಲಿಯ ಕುರಿಸಾಕಣೆಯ ಮೇಲೆ ನಿಂತಿದೆ. ರಜೆಯ ಮನೆಗಳು ಹೆಚ್ಚಿದಂತೆ ಬೆಲೆಯೇರಿ, ಆ ಊರಿನಲ್ಲೇ ಹುಟ್ಟಿದ ಕಿರಿಯರಿಗೆ ಮನೆ ದೊರೆಯದಂತಾಗುತ್ತಿರುವುದನ್ನು ಪ್ರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ.

ಈ ಗುಡ್ಡಗಳಲ್ಲಿ ತಿರುಗಾಡುವ ಎಕ್ಸ್‌ಮೂರ್ ತಟ್ಟುಗಳನ್ನು ಹೇಳದೆ ಮುಂದುವರಿಯಲಾಗದು. ಕಂದುಮೈ, ಹಿಟ್ಟು ಮೆತ್ತಿದಂತಿರುವ ಮೂತಿ, ಮಳೆಗೂ ಹಿಮಕ್ಕೂ ಜಗ್ಗದ ದಪ್ಪ ಕೂದಲು. ಎರಡನೆಯ ಮಹಾಯುದ್ಧದ ಕೊನೆಗೆ ಐವತ್ತಕ್ಕಿಂತಲೂ ಕಡಮೆ ಉಳಿದಿದ್ದುವು; ಕೆಲವರ ಹಟದಿಂದ ತಳಿ ಬದುಕಿಕೊಂಡಿತು. ಕೆಂಪುಜಿಂಕೆಗಳೂ ಇಲ್ಲಿ ಹೇರಳ. ಅಕ್ಟೋಬರಿನಲ್ಲಿ ಗಂಡುಜಿಂಕೆಗಳ ಕೂಗು ಕಣಿವೆಗಳಲ್ಲಿ ಮೊಳಗುತ್ತದೆ.

ಇನ್ನು ಕಡಲಿನ ಕಡೆಗೆ. ಇಲ್ಲಿಯ ಗ್ರೇಟ್ ಹ್ಯಾಂಗ್‌ಮನ್ ಎಂಬುದು ಇಂಗ್ಲೆಂಡಿನ ಕಡಲದಂಡೆಯ ಕಡಿದಾದ ಬೆಟ್ಟಗಳಲ್ಲೆಲ್ಲ ಎತ್ತರವಾದುದು, ೧,೦೪೩ ಅಡಿ. ಮೈನ್‌ಹೆಡ್ ಪಟ್ಟಣದಿಂದ ಹೊರಟು ಪೂಲ್ ಬಂದರಿನವರೆಗೆ ೬೩೦ ಮೈಲಿ ಸಾಗುವ ಕರಾವಳಿಯ ಕಾಲುದಾರಿಯ ಮೊದಲ ಭಾಗ ಈ ಬೆಟ್ಟಗಳ ಮೇಲೆಯೇ ಇದೆ. ಹಲವು ಕಡೆ ಓಕ್ ಮರಗಳ ಕಾಡು ಇಳಿಜಾರಿನಲ್ಲಿ ನೀರಿನವರೆಗೂ ಬಂದಿದೆ. ಪೊರ್ಲಾಕ್ ಊರಿನ ಆಚೆಯ ಒಂದು ಒಕ್ಕಲುಮನೆಯಲ್ಲಿ ೧೭೯೭ರಲ್ಲಿ ಕೋಲ್‌ರಿಜ್ ಕವಿ ತನ್ನ 'ಕುಬ್ಲಾ ಖಾನ್' ಕವನವನ್ನು ಬರೆಯುತ್ತಿದ್ದಾಗ ಪೊರ್ಲಾಕಿನಿಂದ ಯಾರೋ ಕೆಲಸದ ಮೇಲೆ ಬಂದು ಕರೆದರೆಂದೂ, ಹಿಂದಿರುಗುವ ವೇಳೆಗೆ ಉಳಿದುದೆಲ್ಲ ಮರೆತುಹೋಯಿತೆಂದೂ ಅವನೇ ಹೇಳಿಕೊಂಡಿದ್ದಾನೆ. ಬಂದವನನ್ನು ಅಂದಿನಿಂದ ಲೋಕ ಬೈಯುತ್ತಿದೆ. ಅವನಿಗೂ ಅವಸರದ ಕೆಲಸವಿದ್ದಿರಬಹುದೆಂದು ನಮ್ಮ ಅಭಿಪ್ರಾಯ.

ಯಾತ್ರಿಕರು ತಪ್ಪದೆ ಸೇರುವ ಊರೆಂದರೆ ಲಿನ್‌ಮೌತ್. ಪೂರ್ವ ಲಿನ್, ಪಶ್ಚಿಮ ಲಿನ್ ಎಂಬೆರಡು ಹೊಳೆಗಳು ಕಮರಿಗಳಲ್ಲಿ ಧುಮುಕಿ ಬಂದು ಇಲ್ಲಿ ಕೂಡಿ ಕಡಲನ್ನು ಸೇರುತ್ತವೆ. ಮೇಲಿನ ಲಿಂಟನ್ ಊರಿಗೂ ಇದಕ್ಕೂ ನಡುವೆ ೫೦೦ ಅಡಿ ಏರಿನ ರೈಲು ೧೮೯೦ರಿಂದ ನಡೆಯುತ್ತಿದೆ. ಅದಕ್ಕೆ ಕಲ್ಲಿದ್ದಲೂ ಬೇಡ, ವಿದ್ಯುತ್ತೂ ಬೇಡ. ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಬಂಡಿಗಳು. ಮೇಲಿನ ಬಂಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರದಿಂದ ಇಳಿಯುತ್ತ ಕೆಳಗಿನದನ್ನು ಮೇಲಕ್ಕೆ ಎಳೆಯುತ್ತದೆ. ಕೆಳಗೆ ಬಂದೊಡನೆ ನೀರನ್ನು ಚೆಲ್ಲುತ್ತಾರೆ. ನಮ್ಮ ಬಾವಿಯ ರಾಟೆಯಲ್ಲಿ ಎರಡು ಕೊಡಗಳನ್ನು ಕಟ್ಟಿದಂತೆಯೇ. ಆ ನೀರು ಬರುವುದೂ ಪಶ್ಚಿಮ ಲಿನ್ ಹೊಳೆಯಿಂದ.

ಇದೇ ನೀರು ೧೯೫೨ರ ಆಗಸ್ಟ್ ೧೫ರ ರಾತ್ರಿ ಊರನ್ನು ಒಡೆಯಿತು. ಅಂದು ಒಂದು ದಿನದೊಳಗೆ ಮೇಲಿನ ಮೂರ್ ಪ್ರದೇಶದಲ್ಲಿ ಸುಮಾರು ೯ ಅಂಗುಲ ಮಳೆ ಬಿದ್ದಿತು. ಆಗುಂಬೆಯ ಮಳೆಯನ್ನು ಬಲ್ಲವರು ಇದೇನು ಮಹಾ ಎನ್ನಬಹುದು. ಆದರೆ ಮಳೆಯ ಲೆಕ್ಕವನ್ನು ನೆಲದೊಡನೆ ಸೇರಿಸಿ ಮಾಡಬೇಕು. ಮೇಲೆ ಪೀಟ್ ಎಂಬ ಕಪ್ಪು ಜೌಗುಮಣ್ಣಿನ ಪದರ; ಹಿಂದಿನ ದಿನಗಳ ಮಳೆಯಿಂದಲೇ ಅದು ತೊಯ್ದು ತುಂಬಿದ್ದಿತು. ಹೊಸ ನೀರಿಗೆ ಒಳಗೆ ಇಳಿಯಲು ದಾರಿಯಿಲ್ಲ. ಕೆಲವೇ ಮೈಲಿಗಳಲ್ಲಿ ಸಾವಿರಕ್ಕೂ ಹೆಚ್ಚು ಅಡಿ ಇಳಿಯುವ ಹೊಳೆಗಳಿಗೆ ಅದೆಲ್ಲ ಒಮ್ಮೆಗೇ ನುಗ್ಗಿತು. ಬುಡಮೇಲಾದ ಮರಗಳು ಸೇತುವೆಗಳಿಗೆ ಸಿಕ್ಕಿ ಕಟ್ಟೆಯಾದುವು. ಕಟ್ಟೆ ಒಡೆದಾಗಲೆಲ್ಲ ಬಂಡೆಗಳನ್ನು ಹೊತ್ತ ಪ್ರವಾಹ ಬೀದಿಗೆ ಬಿತ್ತು. ಕಟ್ಟಡಗಳಿಗೆ ಸ್ಥಳ ಮಾಡುವುದಕ್ಕಾಗಿ ಜನರು ಪಶ್ಚಿಮ ಲಿನ್ ಹೊಳೆಯನ್ನು ಹಿಂದೆಯೇ ಇಕ್ಕಟ್ಟಾದ ಹಾದಿಗೆ ತಿರುಗಿಸಿದ್ದರು. ಆ ರಾತ್ರಿ ಹೊಳೆ ತನ್ನ ಹಳೆಯ ಹಾದಿಯನ್ನೇ ಹಿಡಿಯಿತು. ೩೪ ಮಂದಿ ಸತ್ತರು. ಮನೆಯಿಲ್ಲದವರಾದವರು ನಾಲ್ಕುನೂರಕ್ಕೂ ಹೆಚ್ಚು. ರಜೆಯ ಕಾಲವಾದುದರಿಂದ ಸತ್ತವರಲ್ಲಿ ವಿಹಾರಕ್ಕೆ ಬಂದವರೂ ಇದ್ದರು.

ಕಿಟಕಿಯ ಕೆಳಗೇ ಹೊಳೆಯ ಜುಳುಜುಳು ಕೇಳಬೇಕೆಂಬುದು ವಿಹಾರಕ್ಕೆ ಬಂದವರ ಆಸೆ. ಅಂತಹ ಆಸೆಗಳನ್ನು ತೀರಿಸುತ್ತ ತೀರಿಸುತ್ತಲೇ ಊರು ಹೊಳೆಯ ಮೇಲಕ್ಕೆ ಬೆಳೆದಿದ್ದಿತೆಂದರೆ ಕಠಿನವಾದರೂ ಸುಳ್ಳಲ್ಲ. ಆಮೇಲೆ ಹೊಳೆಗೆ ಅಗಲವಾದ ಪಾತ್ರವನ್ನು ಬಿಟ್ಟು ಊರನ್ನು ಕಟ್ಟಿದರು. ಈಚಿನ ವರ್ಷಗಳಲ್ಲಿ ಮೇಲಿನ ಜೌಗಿನಲ್ಲಿ ಹಿಂದಿನವರು ನೀರು ಬಸಿಯಲೆಂದು ತೋಡಿದ್ದ ಕಾಲುವೆಗಳನ್ನು ಅಲ್ಲಲ್ಲಿ ಮುಚ್ಚಿ, ನೀರು ನಿಧಾನವಾಗಿ ಇಳಿಯುವಂತೆ ಮಾಡುತ್ತಿದ್ದಾರೆ. ಟಾರ್ ಸ್ಟೆಪ್ಸ್ ಎಂಬಲ್ಲಿ ಹಾಸುಗಲ್ಲುಗಳ ಪುರಾತನ ಸೇತುವೆಯೊಂದಿದೆ, ೧೭ ಕಣ್ಣುಗಳದು. ಪ್ರವಾಹ ಬಂದಾಗ ಕಲ್ಲುಗಳು ಕೊಚ್ಚಿಹೋಗುತ್ತವೆ. ಜನ ಕಲ್ಲುಗಳಿಗೆ ಅಂಕಿಗಳನ್ನು ಹಾಕಿಟ್ಟಿದ್ದು, ಹುಡುಕಿ ತಂದು ಅದರದರ ಸ್ಥಳದಲ್ಲಿ ಮತ್ತೆ ಇಡುತ್ತಾರೆ.

ಹೋಗಬಯಸುವವರು ಲಂಡನ್ನಿನಿಂದ ಟಾಂಟನ್ ನಗರಕ್ಕೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸಿನಲ್ಲಿ ಮೈನ್‌ಹೆಡ್ ಸೇರಬಹುದು. ಬೇಸಗೆಯಲ್ಲೂ ಮಳೆಯಂಗಿ, ಗಟ್ಟಿ ಪಾದರಕ್ಷೆ, ಭೂಪಟ ಬೇಕು. ಗುಡ್ಡದ ಮೇಲೆ ಮಂಜು ಕವಿದರೆ ಹತ್ತು ಮಾರು ದೂರದ ದಾರಿಯೂ ಕಾಣದು. ಕಡಲಬಳಿ ನಡೆಯುವವರು ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊದಲು ನೋಡಿಕೊಳ್ಳಬೇಕು. ಈ ಕಡಲ್ಗಾಲುವೆಯ ಉಬ್ಬರವಿಳಿತ ಪ್ರಪಂಚದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಬೆಳಿಗ್ಗೆ ಒಣಗಿದ್ದ ಮರಳು ಮಧ್ಯಾಹ್ನಕ್ಕೆ ಆಳದ ನೀರಾಗಿರುತ್ತದೆ, ಹಿಂದೆ ಹತ್ತಿಹೋಗಲು ಬಂಡೆಯ ಗೋಡೆಯಲ್ಲಿ ದಾರಿಯಿರುವುದಿಲ್ಲ. ಸಂಜೆಯ ಮೇಲೆ ಮನೆಯೊಳಗೇ ಕುಳಿತಿರಬೇಕಾದುದಿಲ್ಲ. ೨೦೧೧ರಲ್ಲಿ ಯೂರೋಪಿನಲ್ಲೇ ಮೊದಲನೆಯದಾಗಿ ಈ ಪ್ರದೇಶಕ್ಕೆ ಕತ್ತಲ ಆಕಾಶದ ರಕ್ಷಿತಸ್ಥಾನವೆಂಬ ಮನ್ನಣೆ ದೊರೆಯಿತು. ಮೋಡವಿಲ್ಲದ ರಾತ್ರಿ, ದೀಪಗಳಿಲ್ಲದ ಆ ಗುಡ್ಡಗಳ ಮೇಲೆ ಆಕಾಶಗಂಗೆ ಅಂಚಿನಿಂದ ಅಂಚಿಗೆ ಕಾಣುತ್ತದೆ.