ಎಡಗೈಗೆ ಎಡೆಯೆಲ್ಲಿ?

ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಗಳು ನಮ್ಮ ಪೇಟೆಬೀದಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಅಂಥದೊಂದರ ಮುಂದೆ ಅರೆಗಳಿಗೆ ನಿಂತು ನೋಡುವ ವ್ಯವಧಾನವುಳ್ಳವರಿಗೆ, ಅಂಟಿನ ಡಬ್ಬಿ, ಗಾಜು ಕೊಯ್ಯುವ ವಜ್ರದ ಕಡ್ಡಿ, ಸಣ್ಣ ಮೊಳೆಗಳ ಬಟ್ಟಲು ಇವುಗಳ ನಡುವೆ, ಎರಡು ತುದಿಗಳಲ್ಲೂ ಬಾಯ್ದೆರೆದ, ಇಕ್ಕೆಲದ ಹಲಗೆಗಳಲ್ಲಿ ಓರೆಯಾಗಿ ಸೀಳುಗಳನ್ನು ಕೊಯ್ದಿರುವ ಒಂದು ಮರದ ದೋಣಿ ಕಣ್ಣಿಗೆ ಬೀಳದಿರದು. ಪಟ್ಟಿಯನ್ನು ಆ ದೋಣಿಯೊಳಗಿಟ್ಟು, ಎಡಗೈಯಿಂದ ಅದುಮಿ ಹಿಡಿದು, ಬಲಗೈಯ ಗರಗಸವನ್ನು ಸೀಳಿಗೆ ಇಳಿಬಿಟ್ಟು ಹಿಂದೆ ಮುಂದೆ ಆಡಿಸಿದರೆ, ಮರವು ಸರಿಯಾಗಿ 45 ಡಿಗ್ರಿಯ ಓರೆಯಲ್ಲಿ ತುಂಡಾಗುತ್ತದೆ. ಇಂಥ ಎರಡು ಓರೆಗಳು ಸೇರಿದ ಮೂಲೆಗೆ ಇಂಗ್ಲಿಷ್ ಬಡಗಿಗಳು ಕೊಟ್ಟ ಹೆಸರು ಮೈಟರ್. ಬಿಷಪ್ಪರ ಶಿಖರಾಕಾರದ ಮುಕುಟಕ್ಕೂ ಅದೇ ಹೆಸರು.

ಈ ಓರೆಯು ಬಹು ನಿಷ್ಠುರವಾದುದು. ಒಂದು ಕಟ್ಟಿಗೆ ಮೂಲೆಗಳು ನಾಲ್ಕು, ಕೊಯ್ತಗಳು ಎಂಟು. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ, ಮೂರು ಮೂಲೆಗಳನ್ನು ಹೇಗೋ ಕೂಡಿಸಿ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಎಲ್ಲ ತಪ್ಪುಗಳೂ ಒಟ್ಟುಗೂಡಿ ನಾಲ್ಕು ಡಿಗ್ರಿಯ ಬಿರುಕಾಗಿ ಎದುರು ನಿಲ್ಲುತ್ತವೆ. ಅದಕ್ಕಾಗಿಯೇ ದೋಣಿ. ಆ ದೋಣಿಯ ಪಕ್ಕದಲ್ಲಿ ಕುಳಿತವನ ಎಡಗೈ ಹಲ್ಲಿಗೆ ಅಷ್ಟು ಸಮೀಪವಿದ್ದರೂ ಅವನಿಗೆ ಭಯವಿಲ್ಲ. ಏಕೆಂದರೆ ಗರಗಸ ಬೆರಳಿಗೆ ತಾಕಿದರೆ ನೋವನ್ನರಿಯುವ ದೇಹವೂ ಗರಗಸವನ್ನು ನಡೆಸುವ ದೇಹವೂ ಒಂದೇ ಆದುದರಿಂದ, ಚರ್ಮ ಹರಿಯುವಷ್ಟರಲ್ಲಿ ಬಲಗೈ ತಾನಾಗಿಯೇ ನಿಲ್ಲುತ್ತದೆ.

ಯಂತ್ರವು ಬಂದು ಮುರಿದದ್ದು ಈ ಬಾಂಧವ್ಯವನ್ನು. ವೃತ್ತಾಕಾರದ ಗರಗಸಕ್ಕೆ 1777ರಲ್ಲಿಯೇ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ ಉಲ್ಲೇಖವುಂಟು; ಆದರೆ ಅದು ದೊಡ್ಡ ಮಿಲ್ಲುಗಳ ಸೊತ್ತಾಗಿಯೇ ಬಹುಕಾಲ ಇದ್ದಿತು. 1920ರ ದಶಕದ ಆದಿಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ರೇಮಂಡ್ ಡಿವಾಲ್ಟ್ ಎಂಬಾತ, ಮೋಟಾರನ್ನೂ ಬ್ಲೇಡನ್ನೂ ಒಂದು ತೋಳಿನಿಂದ ತೂಗುಬಿಟ್ಟು, ಮರವನ್ನು ನಿಲ್ಲಿಸಿ ಗರಗಸವನ್ನೇ ಎಳೆದಾಡುವ ಯಂತ್ರವನ್ನು ನಿರ್ಮಿಸಿದನು. ಸಮರ್ಥವಾದರೂ ಸ್ವಭಾವತಃ ಅದು ದುಡುಕಿನ ಯಂತ್ರ: ತನ್ನತ್ತ ಎಳೆದುಕೊಳ್ಳುವಾಗ ಬ್ಲೇಡು ಮರದ ಮೇಲೆ ಏರಿ, ಎಳೆದವನ ಮೇಲೆಯೇ ಓಡಿಬರಲು ಹವಣಿಸುತ್ತಿತ್ತು. 1964ರಲ್ಲಿ ರಾಕ್‌ವೆಲ್ ಕಂಪನಿಯು ತಂದ ವಿದ್ಯುತ್ ಮೈಟರ್ ಗರಗಸವಾದರೋ, ಎಳೆಯುವುದನ್ನು ಬಿಟ್ಟು, ಬಾವಿಯ ಏತದಂತೆ ಮೇಲಿನಿಂದ ಕೆಳಕ್ಕೆ ಬಾಗುವುದನ್ನು ಕಲಿಯಿತು. ಓರೆಯ ಕೋನಕ್ಕೆ ತಿರುಗುವ ಪೀಠ, ಮರವು ಒರಗಲು ಹಿಂದೆ ಒಂದು ಲೋಹದ ಆಸರೆ: ಕಟ್ಟಿನಂಗಡಿಯ ದೋಣಿಯೇ ಅದು, ಬಲಗೈಯ ಶ್ರಮವನ್ನು ಮಾತ್ರ ಮೋಟಾರು ವಹಿಸಿಕೊಂಡಿತು. ಎಡಗೈ ಎಲ್ಲಿತ್ತೋ ಅಲ್ಲಿಯೇ ಉಳಿಯಿತು.

ಇದರ ಹಲ್ಲಿಗೂ ಒಂದು ವಂಶಾವಳಿಯಿದೆ. ಅದು ಹಾದುಬರುವುದು ವಿದ್ಯುದ್ದೀಪದ ಮನೆಯಿಂದ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯನ್ನು ವಜ್ರದ ರಂಧ್ರದ ಮೂಲಕ ಎಳೆಯಬೇಕಾಗುತ್ತಿತ್ತು, ವಜ್ರವೋ ದುಬಾರಿ. ಅದಕ್ಕೆ ಬದಲಿ ವಸ್ತುವನ್ನು ಅರಸುತ್ತ ಬರ್ಲಿನ್ನಿನ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್, 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಿಂದ ಬಂಧಿಸಿದನು. 1926ರಿಂದ ಕ್ರುಪ್ ಕಂಪನಿ ಅದನ್ನು 'ವಜ್ರದಂತೆ' ಎಂಬ ಅರ್ಥದ ಜರ್ಮನ್ ಪದಗಳನ್ನು ಮೊಟಕುಗೊಳಿಸಿ 'ವಿಡಿಯಾ' ಎಂದು ಮಾರಿತು. ಬೆಂಗಳೂರಿನಲ್ಲಿ ಅದೇ ಹೆಸರಿನ ಕಂಪನಿ ಸ್ಥಾಪಿತವಾದದ್ದೂ ಕಾಕತಾಳೀಯವಾಗಿ 1964ರಲ್ಲಿಯೇ. ಕಾರ್ಬೈಡ್ ಎಂದರೆ ಹುಬ್ಬೇರಿಸುವ ಮೆಕ್ಯಾನಿಕ್ಕನೂ 'ವಿಡಿಯಾ ಬಿಟ್' ಎಂದರೆ ತಕ್ಷಣ ತಲೆಯಾಡಿಸುತ್ತಾನೆ. ಈ ಹಲ್ಲು ಕಠಿಣ, ಆದರೆ ಭಿದುರ. ಹಳೆಯ ದಾರಂದದ ತೇಗವನ್ನು ಕೊಯ್ಯಹೊರಟವರು ಅದರಲ್ಲಿ ಹುದುಗಿದ ಮೊಳೆಗಳನ್ನು ಮೊದಲು ಹುಡುಕಿ ಕೀಳದಿದ್ದರೆ, ಮುರಿದ ಹಲ್ಲು ಗುಂಡಿನಂತೆ ಹಾರೀತು. ಹತ್ತಂಗುಲದ ಬ್ಲೇಡು ನಿಮಿಷಕ್ಕೆ 5000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 240 ಕಿಲೋಮೀಟರು. ಕನ್ನಡಕವಿಲ್ಲದ ಕಣ್ಣಿಗೆ ರೆಪ್ಪೆ ಮುಚ್ಚುವ ಅವಕಾಶವೂ ಇರದು.

ನಾನು ಈ ಮೈಟರ್ ಗರಗಸವನ್ನು ಮನೆಗೆ ತಂದ ಮೊದಲ ವಾರದಲ್ಲಿಯೇ ಪಾಠವಾಯಿತು. ಬೆರಳುದ್ದದ ಒಂದು ತೇಗದ ಚೂರನ್ನು ಕೊಯ್ದು, ಬ್ಲೇಡು ಇನ್ನೂ ತಿರುಗುತ್ತಿರುವಾಗಲೇ ಹಿಡಿಯನ್ನು ಮೇಲೆತ್ತಿದೆ. ಬ್ಲೇಡಿನ ಮುಂಬದಿಯ ಹಲ್ಲುಗಳು ಕೆಳಗಿಳಿದು ಮರವನ್ನು ಆಸರೆಗೆ ಒತ್ತುತ್ತವೆ, ಹಿಂಬದಿಯವು ಮೇಲಕ್ಕೇರುತ್ತವೆ ಎಂಬುದನ್ನು ನಾನು ಓದಿಯೇ ಇದ್ದೆ. ಆದರೆ ಸಡಿಲವಾಗಿ ಬಿದ್ದಿದ್ದ ಆ ಚೂರನ್ನು ಏರುವ ಹಲ್ಲು ಕಚ್ಚಿ, ಗೋಡೆಯ ಕ್ಯಾಲೆಂಡರನ್ನು ಹರಿಯುವಂತೆ ಎಸೆದಾಗಲೇ ಅರ್ಥವಾದದ್ದು. ಅಂದಿನಿಂದ ಸ್ವಿಚ್ಚು ಬಿಟ್ಟು, ಹಿಡಿಯನ್ನು ಕೆಳಗೆಯೇ ಅದುಮಿಕೊಂಡು, ಆ ಕೀರಲು ದನಿ ಗುಂಯ್‌ಗುಟ್ಟಿ ಪೂರ್ತಿ ಅಡಗುವ ತನಕ ಕಾಯುತ್ತೇನೆ. ಗಿಡ್ಡ ಚೂರು ಬೇಕಾದರೆ ಉದ್ದನೆಯ ಪಟ್ಟಿಯ ತುದಿಯಿಂದಲೇ ಕೊಯ್ದುಕೊಳ್ಳುತ್ತೇನೆ, ಚೂರನ್ನು ಹಿಡಿದು ಕೊಯ್ಯುವುದಿಲ್ಲ.

ಉಳಿದ ನಿಯಮಗಳೂ ಬಹುಮಟ್ಟಿಗೆ ಆ ಎಡಗೈಗೆ ಸಂಬಂಧಿಸಿದವೇ. ಬ್ಲೇಡಿನ ಇಕ್ಕೆಲಕ್ಕೂ ಆರಂಗುಲದೊಳಗೆ ಬೆರಳು ಬರಕೂಡದು. ನಾನು ಪೀಠದ ಮೇಲೆಯೇ ಕೆಂಪು ಬಣ್ಣ ಬಳಿದಿದ್ದೇನೆ. ಅಷ್ಟು ದೂರದಿಂದ ಹಿಡಿಯಲಾಗದ ಮರಕ್ಕೆ ಕ್ಲಾಂಪು. ಕೈ ಅಡ್ಡಹಾಕಿ ಆಚೆಬದಿಯ ಮರವನ್ನು ಹಿಡಿಯುವುದು ಮಹಾ ಅಪಚಾರ. ಬಿಲ್ಲಿನಂತೆ ಬಾಗಿದ ಪಟ್ಟಿಯಾದರೆ ಉಬ್ಬಿದ ಮೈ ಆಸರೆಯ ಕಡೆಗಿರಬೇಕು. ಇಲ್ಲವಾದರೆ ಕೊಯ್ತವು ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಬಿಡುತ್ತದೆ. ಮುಂದೆ ಹಿಂದೆ ಸರಿಯುವ ಹೊಸ ಮಾದರಿಗಳಲ್ಲಿ ಮೊದಲು ತನ್ನತ್ತ ಎಳೆದು, ಕೆಳಗಿಳಿಸಿ, ದೂರ ತಳ್ಳುತ್ತ ಕೊಯ್ಯಬೇಕೆಂಬುದು ಡಿವಾಲ್ಟನ ದುಡುಕುಗಾರ ಯಂತ್ರದಿಂದ ಬಂದ ಬುದ್ಧಿಯೆಂದೇ ನನಗೆ ತೋರುತ್ತದೆ. ಕೈಗವಸು ರಕ್ಷೆಯಂತೆ ಕಂಡರೂ, ಅದರ ಒಂದೆಳೆ ಹಲ್ಲಿಗೆ ಸಿಕ್ಕರೆ ಕೈಯೂ ಹಿಂಬಾಲಿಸುತ್ತದೆ. ಸೆರಗಿಗೂ ಸಡಿಲ ತೋಳಿಗೂ ಇದೇ ಮಾತು. ಬ್ಲೇಡಿನ ಕೆಳಕವಚವನ್ನು, ಗೆರೆ ಕಾಣದೆಂಬ ನೆಪದಿಂದ, ತಂತಿಯಲ್ಲಿ ಬಿಗಿದಿಡುವ ವಾಡಿಕೆಯನ್ನು ಎಷ್ಟೋ ಕಡೆ ಕಂಡಿದ್ದೇನೆ, ಒಪ್ಪಲಾರೆ. ಕೊಯ್ಯುತ್ತಿರುವಾಗ ಕರೆಂಟು ಹೋದರೆ, ಮತ್ತೆ ಬರುವುದನ್ನು ಕಾಯದೆ ಪ್ಲಗ್ಗನ್ನು ಕಿತ್ತುಬಿಡಬೇಕು. ಬ್ಲೇಡು ಬದಲಿಸುವಾಗಲೂ ಹಾಗೆಯೇ. ಮರದ ಧೂಳು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿರುವ ವಸ್ತುವಾದುದರಿಂದ ಮೂಗಿಗೆ ಮಾಸ್ಕನ್ನೂ, ಆ ಅಬ್ಬರಕ್ಕಾಗಿ ಕಿವಿಗೆ ಮುಚ್ಚಳವನ್ನೂ ಮರೆಯಲಾಗದು.

ಅಂತೂ ಅಜ್ಜಿಯ ಕಾಲದ ಲಕ್ಷ್ಮಿಯ ಪಟಕ್ಕೆ ಎಂಟು ಕೊಯ್ತಗಳನ್ನೂ ಮುಗಿಸಿದೆ. ಬೆರಳುಗಳು ಹತ್ತೂ ಉಳಿದಿವೆ. ಕಟ್ಟಿನ ನಾಲ್ಕನೆಯ ಮೂಲೆಯಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಮರದ ಪುಡಿಗೆ ಅಂಟು ಕಲಸಿ ಮೆತ್ತಿದ್ದೇನೆ.