ಕುಕ್ಕರಿನ ಅಡುಗೆ ಮತ್ತು ಜಠರಾಗ್ನಿ

ಶ್ರೀಮಠದ ಸದ್ಭಕ್ತರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಕುಕ್ಕರಿನಲ್ಲಿ ಬೆಂದ ಅನ್ನ ಬೇಳೆಗಳಲ್ಲಿ ಸತ್ವವಿರುವುದಿಲ್ಲವಂತೆ, ಅದು ವಾಯುವಂತೆ, ನಿಜವೇ?” ಗುಡೇಮಾರನಹಳ್ಳಿಯಿಂದ ನಮ್ಮಲ್ಲಿಗೆ ಬಂದಿದ್ದ ಒಂದು ಕುಟುಂಬದಲ್ಲಿ ಈ ಪ್ರಶ್ನೆ ಅತ್ತೆ ಸೊಸೆಯರ ನಡುವಿನ ಮನಸ್ತಾಪವಾಗಿಯೇ ಬೆಳೆದಿತ್ತು. ಎಪ್ಪತ್ತು ದಾಟಿದ ಆ ತಾಯಿ ಹೊಟ್ಟೆಯುಬ್ಬರಕ್ಕೆ ಹೆದರಿ ಬೇಳೆ ಕಾಳುಗಳನ್ನೇ ಬಿಟ್ಟು, ಬರಿಯ ಅನ್ನ ಮಜ್ಜಿಗೆಯಲ್ಲಿ ದಿನ ಕಳೆಯುತ್ತಿದ್ದರು. ಮೈ ಇಳಿದಿತ್ತು, ಮಂಡಿಗಳಲ್ಲಿ ಬಲವಿರಲಿಲ್ಲ. “ಕುಕ್ಕರ್ ಸಾರು ನನಗೆ ಆಗಿಬರೋದಿಲ್ಲ ಡಾಕ್ಟ್ರೇ” ಎಂಬುದೊಂದೇ ಅವರ ಮಾತು. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕಾದ ಸೊಸೆಯು ಏನೂ ಹೇಳದೆ ತಲೆತಗ್ಗಿಸಿ ಕುಳಿತಿದ್ದರು. ಇಂತಹ ಮನೆಗಳು ಅನೇಕ ಇರುವುದರಿಂದ, ಈ ವಿಷಯವನ್ನು ಇಲ್ಲಿ ವಿವರವಾಗಿ ನೋಡೋಣ.

ಮೊದಲು ಪಾತ್ರೆಯ ಗುಣವನ್ನು ಅರಿಯಬೇಕು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕುದಿಯುತ್ತದೆ. ನಮ್ಮ ಮಾಗಡಿ ಸೀಮೆಯು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಗೆ ಎಷ್ಟೇ ಸೌದೆ ಉರಿಸಿದರೂ ನೀರಿನ ಶಾಖ ಅದನ್ನು ಮೀರುವುದಿಲ್ಲ. ನೀರು ಬೇಗ ಬತ್ತುತ್ತದೆ ಅಷ್ಟೆ. ಕುಕ್ಕರಿನಲ್ಲಿ ಆವಿಯು ಒಳಗೇ ತಡೆಯಲ್ಪಟ್ಟು ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಕುದಿಯುವ ಶಾಖವೂ 118ರಿಂದ 120 ಡಿಗ್ರಿಯವರೆಗೆ ಏರುತ್ತದೆ. ಒಂದು ಗಂಟೆ ಬೇಯಬೇಕಾದ ಕಾಳು ಕಾಲು ಗಂಟೆಯಲ್ಲಿ ಬೇಯುವುದಕ್ಕೆ ಇದೇ ಕಾರಣ. ಈ ತತ್ತ್ವವನ್ನು 1679ರಲ್ಲಿ ಲಂಡನ್ನಿನಲ್ಲಿ ಪಾತ್ರೆಯ ರೂಪಕ್ಕೆ ತಂದ ಡೆನಿ ಪಾಪಿನ್ ಎಂಬ ಫ್ರಾನ್ಸ್ ದೇಶದ ವಿಜ್ಞಾನಿಯೂ ವೈದ್ಯಶಾಸ್ತ್ರವನ್ನು ಓದಿದವರೇ. ಗಟ್ಟಿಯಾದ ಮೂಳೆಗಳನ್ನು ಮೆತ್ತಗೆ ಬೇಯಿಸಲು ಅವರು ಅದನ್ನು ಬಳಸಿದರು. ಮಿತಿಮೀರಿದ ಆವಿಯನ್ನು ಹೊರಬಿಡುವ ಕವಾಟವನ್ನೂ ಅದಕ್ಕೆ ಅಳವಡಿಸಿದರು.

ಇನ್ನು ಆಯುರ್ವೇದದ ದೃಷ್ಟಿ. ಚರಕಸಂಹಿತೆಯ ವಿಮಾನಸ್ಥಾನವು ಆಹಾರದ ಹಿತಾಹಿತವನ್ನು ನಿರ್ಣಯಿಸುವ ಎಂಟು ಅಂಶಗಳನ್ನು ಹೇಳುತ್ತದೆ: ಪದಾರ್ಥದ ಸ್ವಭಾವ, ಅದಕ್ಕೆ ಮಾಡುವ ಸಂಸ್ಕಾರ, ಬೆರಕೆ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ ಮತ್ತು ಉಣ್ಣುವ ವ್ಯಕ್ತಿ. ಇವುಗಳಲ್ಲಿ ಎರಡನೆಯದಾದ ಸಂಸ್ಕಾರದೊಳಗೆ ತೊಳೆಯುವುದು, ನೆನೆಸುವುದು, ಬೇಯಿಸುವುದು ಎಲ್ಲವೂ ಸೇರುತ್ತವೆ. ಗುರುವಾದ ಪದಾರ್ಥವು ಸರಿಯಾದ ಸಂಸ್ಕಾರದಿಂದ ಲಘುವಾಗುತ್ತದೆ. ಸಂಸ್ಕಾರ ತಪ್ಪಿದರೆ ಲಘುವಾದದ್ದೂ ಗುರುವಾಗುತ್ತದೆ. ಕುಕ್ಕರ್ ಎಂಬುದು ಅಗ್ನಿಸಂಸ್ಕಾರದ ಒಂದು ಉಪಕರಣ ಮಾತ್ರ. ನೆನೆಸುವ ಕೆಲಸವನ್ನಾಗಲಿ ಪ್ರಮಾಣವನ್ನಾಗಲಿ ಕಾಲವನ್ನಾಗಲಿ ಅದು ನಮ್ಮ ಪರವಾಗಿ ನೋಡಿಕೊಳ್ಳುವುದಿಲ್ಲ.

ಸತ್ವ ನಾಶವಾಗುತ್ತದೆ ಎಂಬ ಮಾತಿನಲ್ಲಿ ಎಷ್ಟು ನಿಜವಿದೆ? ಕೆಲವು ಜೀವಸತ್ವಗಳು ಶಾಖಕ್ಕೆ ಕುಂದುವುದು ನಿಜ. ಆದರೆ ಅದು ತೆರೆದ ಪಾತ್ರೆಯಲ್ಲಿಯೂ ಆಗುತ್ತದೆ. ಕುಕ್ಕರಿನಲ್ಲಿ ಶಾಖ ಹೆಚ್ಚು, ಬೇಯುವ ಕಾಲ ಕಡಿಮೆ. ಹೆಚ್ಚಿನ ನಷ್ಟವಾಗುವುದು ಬೆಂದ ನೀರನ್ನು ಚೆಲ್ಲಿದಾಗ. ಅನ್ನವನ್ನು ಬಸಿದು ಗಂಜಿಯನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು ಅದರೊಡನೆಯೇ ಹೋಗುತ್ತವೆ. ನಮ್ಮ ಹಿರಿಯರು ಕಾಳು ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡಿದ್ದು ಎಂತಹ ಜಾಣತನವೆಂಬುದು ಇದರಿಂದ ತಿಳಿಯುತ್ತದೆ. ಮಧುಮೇಹಿಗಳು ಬಸಿದ ಅನ್ನವಾದರೆ ಎಷ್ಟು ಉಂಡರೂ ಆದೀತು ಎಂದು ಭಾವಿಸುವುದೂ ಸರಿಯಲ್ಲ. ಅವರು ಅಳೆಯಬೇಕಾದದ್ದು ತಟ್ಟೆಯಲ್ಲಿರುವ ಅನ್ನದ ಪ್ರಮಾಣವನ್ನು.

ಸೌದೆಯ ಒಲೆಯ ಮುಂದೆ ಗಂಟೆಗಟ್ಟಲೆ ಹೊಗೆ ಕುಡಿದು ಕೆಮ್ಮು, ಉಬ್ಬಸ, ಕಣ್ಣುರಿಗಳಿಂದ ಬಳಲಿದ ತಾಯಂದಿರನ್ನು ನಾವು ವೃತ್ತಿಗಿಳಿದ ದಿನಗಳಿಂದ ನೋಡುತ್ತ ಬಂದಿದ್ದೇವೆ. ಸೌದೆಯ ರುಚಿಯನ್ನು ಹೊಗಳುವ ನಾವು ಅದರ ಬೆಲೆ ತೆತ್ತವರನ್ನು ಮರೆಯಬಾರದು.

ಹಾಗಾದರೆ ಆ ತಾಯಿಯ ಹೊಟ್ಟೆಯುಬ್ಬರಕ್ಕೆ ಕಾರಣವೇನು? ಅಡುಗೆಯ ಕ್ರಮವನ್ನು ಸಾವಧಾನವಾಗಿ ಕೇಳಿದೆವು. ಬೆಳಗಿನ ಅವಸರದಲ್ಲಿ ಹುರುಳಿಕಾಳನ್ನು ನೆನೆಸದೆಯೇ, ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕಿ, ದೊಡ್ಡ ಉರಿಯಲ್ಲಿ ಐದಾರು ಕೂಗು ಕೂಗಿಸಿ, ಕೂಡಲೇ ವಿಷಲ್ ಎತ್ತಿ ಇಳಿಸುತ್ತಿದ್ದರು. ಕಾಳಿನ ಹೊರಮೈ ಒಡೆದು ಒಳಗೆ ಗಟ್ಟಿಯಾಗಿಯೇ ಉಳಿಯುತ್ತಿತ್ತು. ಅದೇ ಸಾರನ್ನು ಆ ತಾಯಿ ರಾತ್ರಿ ಒಂಬತ್ತರ ಮೇಲೆ, ಆರಿದ್ದನ್ನೇ ಉಣ್ಣುತ್ತಿದ್ದರು. ದೋಷ ಪಾತ್ರೆಯದಾಗಿರಲಿಲ್ಲ, ಸೊಸೆಯದೂ ಆಗಿರಲಿಲ್ಲ, ಕ್ರಮದ್ದಾಗಿತ್ತು.

ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಹುರುಳಿ, ಒಣ ಅವರೆ, ಕಡಲೆ, ಅಲಸಂದೆ ಇವುಗಳನ್ನು ರಾತ್ರಿಯೇ ನೆನೆಸಬೇಕು. ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಹೊಟ್ಟೆಯಲ್ಲಿ ವಾಯುವನ್ನು ಹುಟ್ಟಿಸುವ ಕೆಲವು ಸಕ್ಕರೆಯ ಅಂಶಗಳು ಕಡಿಮೆಯಾಗುತ್ತವೆ. ಸೋಡಾ ಬೇಡವೇ ಬೇಡ. ಅದು ಕಾಳಿನಲ್ಲಿರುವ ಬಿ-1 ಜೀವಸತ್ವವನ್ನು ಕೆಡಿಸುತ್ತದೆ. ಮೊದಲನೆಯ ಕೂಗು ಬಂದೊಡನೆ ಉರಿಯನ್ನು ಸಣ್ಣದು ಮಾಡಿ, ಅಲ್ಲಿಂದ ನಿಮಿಷಗಳನ್ನು ಲೆಕ್ಕ ಹಾಕಬೇಕೇ ಹೊರತು ಕೂಗುಗಳನ್ನಲ್ಲ. ಒತ್ತಡ ತುಂಬಿ ವಿಷಲ್ ಎದ್ದ ಮೇಲೆ ಒಳಗಿನ ಶಾಖ ಇನ್ನು ಏರುವುದಿಲ್ಲ. ದೊಡ್ಡ ಉರಿಯಿಂದ ವ್ಯರ್ಥವಾಗುವುದು ಅನಿಲ ಮಾತ್ರ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ, ರಾತ್ರಿ ನೆನೆದ ಅವರೆಗೆ 10ರಿಂದ 15 ನಿಮಿಷ, ಹುರುಳಿಗೆ 15ರಿಂದ 20 ನಿಮಿಷ ಸಾಕಾಗುತ್ತದೆ. ಕಾಳು ಹಳೆಯದಾದಷ್ಟೂ ಹೆಚ್ಚು ಹೊತ್ತು ಬೇಕು. ನಮ್ಮ ಮಾಗಡಿಯ ಸೊಗಡಿನ ಹಸಿ ಅವರೆಕಾಳಿಗಾದರೆ ಒಂದೆರಡು ಕೂಗೇ ಸಾಕು. ಒತ್ತಡ ತಾನಾಗಿ ಇಳಿಯುವವರೆಗೆ ಕಾಯುವುದೂ ಪಾಕದ ಒಂದು ಭಾಗವೇ. ಆ ಹತ್ತು ನಿಮಿಷದಲ್ಲಿ ಕಾಳು ಒಳಗಿನವರೆಗೆ ಬೇಯುತ್ತದೆ, ಅಷ್ಟರಲ್ಲಿ ಮುದ್ದೆ ತೊಳಸಬಹುದು. ಬೆರಳುಗಳ ನಡುವೆ ಹಿಚುಕಿದಾಗ ಗಂಟಿಲ್ಲದೆ ನುಣ್ಣಗಾದರೆ ಬೆಂದಿದೆಯೆಂದು ತಿಳಿಯಬೇಕು. ಒಗ್ಗರಣೆಗೆ ಜೀರಿಗೆ, ಇಂಗು, ಶುಂಠಿಗಳನ್ನು ಸೇರಿಸಿದರೆ ಕಾಳಿನ ವಾತಗುಣ ತಗ್ಗುತ್ತದೆ. ಹುರುಳಿಯು ಕಫವಾತಗಳಿಗೆ ಹಿತವಾದರೂ ಉಷ್ಣವಾದುದರಿಂದ ಎದೆಯುರಿ, ಹುಳಿತೇಗು ಇರುವವರು ಅದನ್ನು ಕಡಿಮೆ ಮಾಡಿ, ಕಾಳುಗಳಲ್ಲಿ ಶ್ರೇಷ್ಠವೆಂದು ಚರಕರು ಹೇಳಿರುವ ಹೆಸರನ್ನು ಬಳಸುವುದು ಒಳ್ಳೆಯದು.

ಬೆಳಗಿನ ಹೊತ್ತು ಬಿಡುವಿಲ್ಲದವರು ಒಂದೇ ಕುಕ್ಕರಿನ ಡಬ್ಬಿಗಳಲ್ಲಿ ಕೆಳಗೆ ಬೇಳೆ, ನಡುವೆ ಅಕ್ಕಿ, ಮೇಲೆ ದೊಡ್ಡದಾಗಿ ಹೆಚ್ಚಿದ ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆಗಳನ್ನು ಇಟ್ಟು ಒಂದೇ ಉರಿಯಲ್ಲಿ ಇಡೀ ಮನೆಯ ಊಟ ಮುಗಿಸಬಹುದು. ಜ್ವರದಿಂದ ಎದ್ದವರಿಗೆ, ವೃದ್ಧರಿಗೆ, ಹಲ್ಲಿಲ್ಲದವರಿಗೆ ಅರ್ಧ ಲೋಟ ಅಕ್ಕಿ, ಕಾಲು ಲೋಟ ಹುರಿದ ಹೆಸರುಬೇಳೆ, ನಾಲ್ಕು ಲೋಟ ನೀರು, ಚಿಟಿಕೆ ಅರಿಶಿನ, ಜೀರಿಗೆ, ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಒಂದು ಚಮಚ ತುಪ್ಪ ಬೆರೆಸಿ ಬಿಸಿಯಾಗಿ ಕೊಟ್ಟರೆ ಅದೇ ಪಥ್ಯ, ಅದೇ ಬಲ. ಸೊಪ್ಪನ್ನು ಮಾತ್ರ ಬೇಳೆಯೊಡನೆ ಕೂಗಿಸದೆ, ಬೇಳೆ ಬೆಂದ ಮೇಲೆ ಸೇರಿಸಿ ಮುಚ್ಚಳ ತೆರೆದೇ ಐದು ನಿಮಿಷ ಬೇಯಿಸಬೇಕು. ಹುಣಸೆ, ಟೊಮ್ಯಾಟೊ ಮೊದಲಾದ ಹುಳಿಗಳನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಬೇಯಿಸುವುದೂ ಇಡುವುದೂ ಸಲ್ಲದು. ಹುಳಿಯಿದ್ದರೆ ಕಾಳು ಬೇಯುವುದೂ ತಡ. ಆದುದರಿಂದ ಹುಳಿಯನ್ನು ಕೊನೆಯಲ್ಲಿ, ಸ್ಟೀಲ್ ಪಾತ್ರೆಯಲ್ಲಿ ಸೇರಿಸಬೇಕು.

ಸುರಕ್ಷತೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಘನಾಹಾರಕ್ಕೆ, ಒಂದನ್ನು ದ್ರವಕ್ಕೆ, ಉಳಿದೊಂದನ್ನು ವಾತಾದಿ ದೋಷಗಳ ಸಂಚಾರಕ್ಕೆ ಬಿಡಬೇಕೆಂದು ಚರಕರು ಹೇಳಿದ್ದಾರೆ. ಕುಕ್ಕರಿಗೂ ಇದೇ ನಿಯಮ. ನೀರೂ ಪದಾರ್ಥವೂ ಸೇರಿ ಮೂರರಲ್ಲಿ ಎರಡು ಪಾಲನ್ನು ಮೀರಬಾರದು. ನೊರೆಯುಕ್ಕುವ ಬೇಳೆ, ಕಾಳು, ಗಂಜಿಗಳಾದರೆ ಅರ್ಧವನ್ನು ಮೀರಬಾರದು. ತುಂಬಾ ತುಂಬಿದರೆ ನೊರೆ ಮೇಲೇರಿ, ಕಾಳಿನ ಸಿಪ್ಪೆ ಆವಿಯ ಕೊಳವೆಯಲ್ಲಿ ಸಿಕ್ಕಿ ದಾರಿ ಮುಚ್ಚುತ್ತದೆ. ಪ್ರತಿ ಸಲವೂ ಆ ಕೊಳವೆಯನ್ನು ಬೆಳಕಿಗೆ ಹಿಡಿದು, ತೂತು ಕಾಣುವುದೇ ಎಂದು ನೋಡಿಯೇ ವಿಷಲ್ ಇಡಬೇಕು. ಸಡಿಲವಾದ ಅಥವಾ ಬಿರಿದ ಗ್ಯಾಸ್ಕೆಟನ್ನು ಬದಲಿಸಬೇಕು. ಸೇಫ್ಟಿ ವಾಲ್ವ್ ಹೋದರೆ ಅದೇ ಕಂಪನಿಯದನ್ನೇ ಹಾಕಿಸಬೇಕು. ಮೊಳೆಯನ್ನೋ ಬೆಸುಗೆಯನ್ನೋ ಹಾಕಿ ಮುಚ್ಚುವುದು ಪ್ರಾಣಕ್ಕೆ ಎರವು. ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡಿ ಕೊಳ್ಳಬೇಕು.

ಒತ್ತಡ ಇಳಿಯುವ ಮುನ್ನ ಮುಚ್ಚಳವನ್ನು ಬಲವಂತದಿಂದ ತೆಗೆದು, ಕುದಿಯುವ ಬೇಳೆ ತೋಳಿಗೂ ಎದೆಗೂ ಎರಚಿದ ಒಬ್ಬ ತಾಯಿಯನ್ನು ಹಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಕರೆತಂದಿದ್ದರು. ಮನೆಯವರು ಗಾಬರಿಯಿಂದ ಗಾಯದ ತುಂಬ ಹಲ್ಲಿನ ಪೇಸ್ಟ್ ಬಳಿದಿದ್ದರು. ಅದನ್ನು ತೊಳೆದು ತೆಗೆಯುವಾಗ ಆಕೆ ಪಟ್ಟ ನೋವನ್ನು ನಾವು ಮರೆತಿಲ್ಲ. ಸುಟ್ಟ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಬಳೆ, ಉಂಗುರಗಳನ್ನು ತೆಗೆಯಬೇಕು. ಪೇಸ್ಟ್, ಬೆಣ್ಣೆ, ಶಾಯಿ, ಮಂಜುಗಡ್ಡೆ ಯಾವುದನ್ನೂ ಇಡದೆ ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಡೇಮಾರನಹಳ್ಳಿಯ ಆ ಮನೆಗೆ ನಾವು ಕೊಟ್ಟ ಔಷಧ ಅಲ್ಪ. ರಾತ್ರಿ ಮಲಗುವ ಮುನ್ನ ಕಾಳು ನೆನೆಸುವ ಕೆಲಸವನ್ನು ಆ ತಾಯಿಗೇ ಒಪ್ಪಿಸಿದೆವು. ಮೊದಲ ವಾರ ಹೆಸರುಬೇಳೆಯ ಕಟ್ಟು, ಆಮೇಲೆ ಮೆತ್ತನೆಯ ಬೇಳೆ, ಕೊನೆಗೆ ಕಾಳು ಎಂದು ಕ್ರಮ ಹಾಕಿ, ರಾತ್ರಿಯೂಟವನ್ನು ಏಳೂವರೆಯೊಳಗೆ ಬಿಸಿಯಾಗಿ ಮುಗಿಸಲು ಹೇಳಿದೆವು. ಒಂದೂವರೆ ತಿಂಗಳ ಬಳಿಕ ಬಂದಾಗ ಅವರ ಮುಖದಲ್ಲಿ ಗೆಲುವಿತ್ತು. “ನೆನೆಹಾಕೋದು ನಾನು, ಕೂಗಿಸೋದು ಅವಳು” ಎಂದು ಸೊಸೆಯ ಕಡೆ ನೋಡಿ ನಕ್ಕರು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿ, ಸಿದ್ಧಗಂಗೆಯಲ್ಲಿ ದಾಸೋಹದ ಒಲೆ ಆರದಂತೆ ಕಾಯ್ದು, 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳನ್ನು ಈ ಸೀಮೆಯ ಜನ ನಿತ್ಯವೂ ನೆನೆಯುತ್ತಾರೆ. ಆ ದಾಸೋಹದ ಪಂಕ್ತಿಯಲ್ಲಿ ಅನ್ನವು ಪ್ರಸಾದವಾಗುವುದು ಒಲೆ ಯಾವುದೆಂಬುದರಿಂದಲ್ಲ, ಉಣಬಡಿಸುವವರ ಭಾವದಿಂದ. ಮನೆಯ ಅಡುಗೆಯೂ ಒಂದು ಕಾಯಕವೇ. ಅದರ ಭಾರವನ್ನು ಒಬ್ಬರ ಹೆಗಲಿಗೇ ಹೊರಿಸದೆ ಎಲ್ಲರೂ ಹಂಚಿಕೊಂಡು, ಹದವಾಗಿ ಬೇಯಿಸಿ, ಲಿಂಗಕ್ಕೆ ಅರ್ಪಿಸಿ, ಹಸಿದಾಗ ಮಿತವಾಗಿ ಒಟ್ಟಿಗೆ ಕುಳಿತು ಸ್ವೀಕರಿಸಿದರೆ ಜಠರಾಗ್ನಿಯೂ ಶಾಂತ, ಮನೆಯೂ ಶಾಂತ.